ಸೋಸಿ ಕೊಟ್ಟ ನದಿ

ಚಾ ಸೋಸುವ ಬಟ್ಟೆಯನ್ನು ನೀವು ಎಂದಾದರೂ ಸರಿಯಾಗಿ ನೋಡಿದ್ದೀರಾ? ಬಿ.ಸಿ.ರೋಡಿನಲ್ಲಿ ಬಸ್ಸು ಇಳಿಯುವಲ್ಲಿಯೇ ಒಂದು ಹೋಟೆಲಿನಲ್ಲಿ ಅಂಥದ್ದೊಂದು ಉಂಟು. ಹುಟ್ಟಿದಾಗ ಬಿಳಿ ಇದ್ದಿರಬೇಕು. ಈಗ ಅದರ ಬಣ್ಣಕ್ಕೆ ಹೆಸರಿಲ್ಲ. ಉದ್ದದ ಕಾಲುಚೀಲದ ಹಾಗೆ ತೂಗಾಡುತ್ತದೆ. ಚಾ ಮಾಡುವವ ಅದನ್ನು ಎತ್ತಿ, ಹಿಂಡಿ, ಕೊಡವಿ, ಮತ್ತೆ ಇಳಿಬಿಡುತ್ತಾನೆ. ಎಷ್ಟೋ ವರ್ಷ ಆ ಬಟ್ಟೆಯಲ್ಲಿ ಇಳಿದ ಚಾ ಕುಡಿದು ಬದುಕಿದವ ನಾನು. ಹೋದ ವಾರ ಮಾತ್ರ ಆ ಬಟ್ಟೆಯನ್ನೇ ನೋಡುತ್ತಾ ನಿಂತೆ. ಅರ್ಧ ಗ್ಲಾಸು ಹಾಗೆಯೇ ಬಿಟ್ಟೆ.

"ಎಂತ ಮಾಷ್ಟ್ರೇ, ಸಕ್ಕರೆ ಜಾಸ್ತಿ ಆಯ್ತಾ?" ಎಂದ ಅವ.

"ಇಲ್ಲ ಮಾರಾಯ, ಹೊಟ್ಟೆ ಸರಿ ಇಲ್ಲ" ಎಂದು ಒಂದು ಸುಳ್ಳು ಹೇಳಿ ಬಂದೆ. ಈಚೆಗೆ ಸುಳ್ಳು ಹೇಳುವುದು ಅಭ್ಯಾಸವಾಗುತ್ತಾ ಉಂಟು. ಅದರ ಕಾರಣವನ್ನು ಯಾರಿಗಾದರೂ ಹೇಳದೆ ಉಪಾಯವಿಲ್ಲ. ಮನೆಯಲ್ಲಿ ಹೇಳುವ ಹಾಗಿಲ್ಲ. ನೀವಾದರೆ ಓದಿ ಮಡಚಿ ಇಟ್ಟುಬಿಡುತ್ತೀರಿ.

ಸೋಸುವ ಚಾಳಿ ನನಗೆ ಬಂದದ್ದು ಅಜ್ಜಿಯಿಂದ. ವಾಮದಪದವಿನ ಹತ್ತಿರ ಅವಳ ಮನೆ. ನನಗೆ ಮಾತು ಕಲಿಸಿದವಳೂ ಅವಳೇ. ಶಾಲೆಯಲ್ಲಿ ಕನ್ನಡ ಕಲಿಸಿ ಸಂಬಳ ತೆಗೆದುಕೊಂಡವ ನಾನಾದರೂ ನನ್ನ ಬಾಯಿಯಲ್ಲಿ ಇರುವುದು ಹೆಚ್ಚಿನದ್ದೂ ಅವಳದ್ದು. ಅವಳು ಸೋಸದೆ ಇದ್ದ ವಸ್ತು ಆ ಮನೆಯಲ್ಲಿ ಇರಲಿಲ್ಲ. ಬಾವಿಯ ನೀರು, ಹಾಲು, ಮಜ್ಜಿಗೆ, ಬೆಲ್ಲದ ಪಾಕ, ಎಳ್ಳೆಣ್ಣೆ, ಎಲ್ಲದಕ್ಕೂ ಒಂದೊಂದು ಬಟ್ಟೆ. ಒಂದರ ಬಟ್ಟೆ ಇನ್ನೊಂದಕ್ಕೆ ಮುಟ್ಟಬಾರದು. ಅಜ್ಜ ಜಗಲಿಯಲ್ಲಿ ಕೂತು ಹೇಳುವುದಿತ್ತು: "ಇವಳು ಮದುವೆಯ ದಿನವೇ ನನ್ನನ್ನೂ ಒಮ್ಮೆ ಸೋಸಿದ್ದಾಳೆ ಮಗಾ. ಈಗ ನೀನು ನೋಡುವುದು ಉಳಿದ ಚರಟ."

ಬಂದವರಿಗೆ ಬೆಲ್ಲ ನೀರು ತೆಗೆದುಕೊಂಡು ಹೋಗುವುದು ನನ್ನ ಕೆಲಸ. ಒಮ್ಮೆ ಬಿಸಿಲಿನಲ್ಲಿ ನಡೆದು ಬಂದ ಒಬ್ಬರು ಚೊಂಬು ಎತ್ತಿದಾಗ ನೀರಿನಲ್ಲಿ ಇರುವೆ ತೇಲುತ್ತಿತ್ತು. ಅವರು ಬೆರಳಿನಿಂದ ಅದನ್ನು ತೆಗೆದು, ಏನೂ ಆಗದವರ ಹಾಗೆ ಕುಡಿದು, ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡರು. ಅಜ್ಜಿ ನೋಡಿಬಿಟ್ಟಳು. ಸೋಸುವ ಉದಾಸೀನಕ್ಕೆ ನಾನು ಚೊಂಬನ್ನು ನೇರ ಕೊಡದಲ್ಲಿ ಮುಳುಗಿಸಿ ತಂದಿದ್ದೆ. ಅವಳು ನನಗೆ ಬೈಯಲಿಲ್ಲ. ಎರಡು ದಿನ ಮಾತನ್ನೇ ಆಡಲಿಲ್ಲ. ಮಾತು ಕಲಿಸಿದವರು ಮಾತು ನಿಲ್ಲಿಸಿದರೆ ಹೇಗಿರುತ್ತದೆ ಎಂದು ಏಳು ವರ್ಷದವನಿಗೆ ಚೆನ್ನಾಗಿ ಗೊತ್ತಾಯಿತು. ಆಮೇಲೆ ನಾನು ಯಾರಿಗೂ ಸೋಸದ ನೀರು ಕೊಟ್ಟವನಲ್ಲ.

ಅಜ್ಜಿಯ ಇನ್ನೊಂದು ಪಾಠವೂ ಉಂಟು. ಬಂದವರು "ಏನೂ ಬೇಡ" ಎಂದರೆ ಅದನ್ನು ನಂಬಬಾರದು. ನಮ್ಮ ಊರಿನಲ್ಲಿ ಅದು ಮರ್ಯಾದೆಯ ಮಾತು, ಕೈ ಮುಗಿಯುವ ಹಾಗೆ. ಬೇಡ ಎಂದವರ ಎದುರು ತಟ್ಟೆ ಇಡಬೇಕು. ಸಾಕು ಎಂದವರಿಗೆ ಮತ್ತೊಂದು ಬಡಿಸಬೇಕು. ಮೂಡಬಿದ್ರೆಯಲ್ಲಿ ಒಬ್ಬ ಹಳೆಯ ಸಹೋದ್ಯೋಗಿಯ ಮನೆಗೆ ಹೋಗಿ ಏನೂ ಬೇಡ ಎಂದು ನಾಲ್ಕು ನೀರುದೋಸೆ, ಆಮೇಲೆ ಖಂಡಿತ ಬೇಡ ಎಂದು ಮೂರು ತಿಂದವ ನಾನು. ಹೊಟ್ಟೆ ತುಂಬಿದ ಮೇಲೂ ಆ ಮನೆಯವರು ನನ್ನ ಮಾತು ನಂಬಲಿಲ್ಲ. ನನಗೇನೂ ಬೇಸರವಾಗಲಿಲ್ಲ ಅನ್ನಿ.

ಈ ಎರಡು ಪಾಠಗಳನ್ನು ಇಟ್ಟುಕೊಂಡೇ ನಾನು ಅಕ್ಷತಳ ಕೆಲಸಕ್ಕೆ ಕೈ ಹಾಕಿದ್ದು.

ಅಕ್ಷತ ನನ್ನ ವಿದ್ಯಾರ್ಥಿನಿ. ನಾನು ಬೆಳ್ತಂಗಡಿ ತಾಲೂಕಿನ ಒಂದು ಶಾಲೆಯಲ್ಲಿ ಇದ್ದಾಗ ಐದನೇ ಕ್ಲಾಸಿನಲ್ಲಿದ್ದಳು. ಘಟ್ಟದ ಬುಡದವಳು, ಅಪ್ಪ ರಬ್ಬರ್ ಟ್ಯಾಪಿಂಗ್ ಮಾಡುವವರು. ಎರಡು ಮೈಲಿ ನಡೆದು ಬರುವ ಹುಡುಗಿ, ಪೆನ್ಸಿಲಿನ ಮೊನೆ ಮಾತ್ರ ಯಾವಾಗಲೂ ಸೂಜಿ. ಆಗ ಸಣ್ಣ ಶಾಲೆ. ಕನ್ನಡವೂ ನಾನೇ, ಗಣಿತವೂ ನಾನೇ. ಆಮೇಲೆ ಅವಳು ಉಜಿರೆಯಲ್ಲಿ ಹಾಸ್ಟೆಲಿನಲ್ಲಿ ಇದ್ದು ಓದಿದಳು, ಇನ್ನೂ ಓದಿದಳು ಎಂದೆಲ್ಲ ಕಿವಿಗೆ ಬೀಳುತ್ತಿತ್ತು. ನಾನು ನಿವೃತ್ತನಾಗಿ ಬಂಟ್ವಾಳ ಪೇಟೆಯಲ್ಲಿ, ನೇತ್ರಾವತಿಗೆ ನಾಲ್ಕು ಹೆಜ್ಜೆ ದೂರದ ಮನೆಯಲ್ಲಿ ಕೂತ ಮೇಲೆ ಒಂದು ದಿನ ಗೇಟು ತೆಗೆದು ಬಂದಳು. ಕೈಯಲ್ಲಿ ಒಂದು ಥರ್ಮೊಕೋಲ್ ಪೆಟ್ಟಿಗೆ, ಅದರೊಳಗೆ ಕಂದು ಬಣ್ಣದ ಗಾಜಿನ ಬಾಟ್ಲಿಗಳು. ನನ್ನ ಹೆಂಡತಿ ಸರೋಜ ಕಷಾಯದ ವ್ಯಾಪಾರವಾ ಎಂದು ಕೇಳಿದಳು.

"ಪಿಎಚ್‌.ಡಿ. ಮಾಡ್ತಾ ಇದ್ದೇನೆ ಸರ್" ಎಂದಳು ಅಕ್ಷತ. "ನದಿ ಕಡಲಿಗೆ ಎಷ್ಟು ಇಂಗಾಲ ಹೊತ್ತುಕೊಂಡು ಹೋಗ್ತದೆ ಅಂತ ನೋಡುವುದು."

"ಇಂಗಾಲ ಅಂದರೆ ಮಸಿಯಾ? ಇಲ್ಲಿ ಮಸಿ ಎಲ್ಲಿ ಉಂಟು?"

"ಕಾಣುವುದಲ್ಲ ಸರ್, ಕರಗಿದ್ದು. ಕಾಡಿನಲ್ಲಿ ಎಲೆ ಬೀಳ್ತದೆ, ಕೊಳೀತದೆ. ಮಳೆ ಬಂದಾಗ ಅದರ ಸತ್ವ ನೀರಿಗೆ ಇಳೀತದೆ. ಆಂಟಿ ಹೇಳಿದ ಹಾಗೆ ಕಷಾಯವೇ. ಆ ನೀರು ತೋಡಿಗೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ. ನಮ್ಮ ಹಾಗೆ ಮಳೆಯೂ ಬಿಸಿಲೂ ಜೋರಿರುವ ಕಡೆಯ ನದಿಗಳು ಬಹಳ ಹೊರ್ತವೆ. ಆದರೆ ಇಂಥ ಸಣ್ಣ ನದಿಯ ಎದುರು ವರ್ಷಗಟ್ಟಲೆ ಕೂತು ಅಳೆದವರು ಕಡಿಮೆ."

ಅಂದರೆ ನಾವು ಮಲಗಿ ಏಳುವಷ್ಟರಲ್ಲಿ ಘಟ್ಟದ ಕಾಡು ಸ್ವಲ್ಪ ಕರಗಿ ನಮ್ಮ ಮನೆಯ ಹಿಂದಿನಿಂದಲೇ ಕಡಲಿಗೆ ಹೋಗಿರುತ್ತದೆ. ಇಷ್ಟು ವರ್ಷ ಆ ನೀರಿನಲ್ಲಿ ಕಾಲು ತೊಳೆದವನಿಗೆ ಅದು ಗೊತ್ತಿರಲಿಲ್ಲ. ಇಲ್ಲಿ ಹುಟ್ಟಿದ ಒಂದು ಹುಡುಗಿ, ಟ್ಯಾಪಿಂಗ್ ಮಾಡುವವರ ಮಗಳು, ಅದನ್ನು ಅಳೆಯಲಿಕ್ಕೆ ಹೊರಟಿದ್ದಾಳೆ. ನನಗೆ ಎದೆ ತುಂಬಿ ಬಂತು. ಯಾವ ಕೆಲಸಕ್ಕೂ ಆಗದೆ ಪೇಪರು ಓದಿಕೊಂಡಿದ್ದವನಿಗೆ ವಾರಕ್ಕೊಂದು ಉದ್ಯೋಗವೂ ಸಿಕ್ಕಿತು. ಸೋಮವಾರ ಬೆಳಿಗ್ಗೆ ಒಂದು ಬಾಟ್ಲಿ ನೀರು ತುಂಬಿಸಿ, ಫ್ರಿಜ್ಜಿನ ಐಸು ಇಟ್ಟು, ಮಂಗಳೂರಿನ ಬಸ್ಸಿಗೆ ಕೊಡುವುದು. ಅವಳ ಪ್ರಯೋಗಾಲಯ ಆ ಕಡೆ.

"ಬೇರೆ ಎಂತ ಮಾಡ್ಬೇಕು ಮಗಾ?" ಎಂದು ಕೇಳಿದೆ.

"ನೀವು ಏನೂ ಮಾಡ್ಬೇಡಿ ಸರ್. ತುಂಬಿಸಿ, ಮುಚ್ಚಳ ಹಾಕಿ ಕಳಿಸಿದರೆ ಸಾಕು."

ಏನೂ ಬೇಡ, ಸಾಕು. ಎರಡೂ ಮಾತು ಒಟ್ಟಿಗೇ ಬಂದವು. ಹಿರಿಯರಿಗೆ ತೊಂದರೆ ಕೊಡಬಾರದೆಂದು ಹುಡುಗಿ ಎಷ್ಟು ನಯವಾಗಿ ಹೇಳುತ್ತಾಳೆ ಎಂದು ನಾನೂ ಸರೋಜಳೂ ಅವಳು ಹೋದ ಮೇಲೆ ಮಾತಾಡಿಕೊಂಡೆವು.

ಮೊದಲ ಸೋಮವಾರ ನದಿಯ ಮೆಟ್ಟಿಲಿಳಿದು ಬಾಟ್ಲಿ ಮುಳುಗಿಸಿ ಎತ್ತಿದೆ. ಒಳಗೆ ಎರಡು ಕೊಳೆತ ಎಲೆಯ ಚೂರು, ಒಂದು ನೀರುಹುಳ. ಇದನ್ನು ಹೇಗೆ ಕಳಿಸುವುದು, ಹೇಳಿ? ಅಲ್ಲಿ ನಾಲ್ಕು ಜನ ದೊಡ್ಡವರು ನೋಡುವ ನೀರು. ಬಂಟ್ವಾಳದ ಮಾಷ್ಟ್ರು ಹುಳ ಕಳಿಸಿದ್ದಾರೆ ಎಂದು ಅವಳಿಗೆ ತಲೆ ತಗ್ಗಿಸುವ ಹಾಗೆ ಆಗಬಾರದು. ಮನೆಗೆ ಬಂದು ಸರೋಜಳಿಗೆ ಹೇಳಿದೆ. ಅವಳು ನನ್ನ ಹಳೆಯ ಪಂಚೆಯೊಂದರಿಂದ ಚೌಕವಾಗಿ ಬಟ್ಟೆ ಕತ್ತರಿಸಿ, ಅಂಚು ಮಡಚಿ ಹೊಲಿದು ಕೊಟ್ಟಳು. ಅಂದಿನಿಂದ ಪ್ರತಿ ಸೋಮವಾರ ನೇತ್ರಾವತಿ ನಮ್ಮ ಮನೆಯ ಬಟ್ಟೆಯಲ್ಲಿ ಇಳಿದು ಬಾಟ್ಲಿಗೆ ಹೋಯಿತು. ಬೆಳಕಿಗೆ ಹಿಡಿದರೆ ಒಂದು ಕಣವೂ ಕಾಣುತ್ತಿರಲಿಲ್ಲ. ಆ ಬಟ್ಟೆಯ ಮೇಲೆ ಸರೋಜಳಿಗೆ ಇದ್ದ ಅಭಿಮಾನ ನನ್ನ ಅಂಗಿಯ ಮೇಲೆ ಎಂದೂ ಇರಲಿಲ್ಲ. ಪಕ್ಕದ ಮನೆಯವರು ಅದನ್ನು ಹಗ್ಗದಲ್ಲಿ ಕಂಡು ಕೇಳಿದರೆ, "ಅದು ವಿಜ್ಞಾನದ ಬಟ್ಟೆ, ಮುಟ್ಟಬೇಡಿ" ಎನ್ನುತ್ತಿದ್ದಳು.

ಹೋಲಿಸಿ ನೋಡಲಿಕ್ಕೆ ಅವಳಿಗೆ ಫಲ್ಗುಣಿ ನದಿಯ ನೀರೂ ಬೇಕಿತ್ತು, ಅದನ್ನು ಕಳಿಸುವವ ಇನ್ನೊಬ್ಬ ಇದ್ದ. ಅಕ್ಷತಳ ಸೋದರಮಾವ ಲೋಕಣ್ಣ. ಮೂಡಬಿದ್ರೆಯ ಕಡೆ ರಿಕ್ಷಾ ಓಡಿಸುವವ. ಅವನ ಕ್ರಮವೇ ಬೇರೆ. ಸೇತುವೆಯ ಹತ್ತಿರ ರಿಕ್ಷಾ ನಿಲ್ಲಿಸಿ, ಬೀಡಿ ಬದಿಗಿಟ್ಟು, ಕೈ ತೊಳೆದು, ಬಾಟ್ಲಿ ಮುಳುಗಿಸಿ, ಮುಚ್ಚಳ ತಿರುಗಿಸಿ, ಸೀಟಿನ ಹಿಂದೆ ಐಸಿನ ಡಬ್ಬಿಗೆ ತುರುಕಿದರೆ ಮುಗಿಯಿತು. ಉಜಿರೆಯ ಕಾಲೇಜಿನಲ್ಲಿ ಅಕ್ಷತ ತನ್ನ ಕೆಲಸದ ಬಗ್ಗೆ ಮಾತಾಡಿದ ದಿನ ನಮ್ಮಿಬ್ಬರನ್ನೂ ಕರೆದಿದ್ದಳು. ಹಿಂದಿನ ಸಾಲಿನಲ್ಲಿ ಒಟ್ಟಿಗೆ ಕೂತೆವು.

"ನೀವು ಸೋಸುವುದಿಲ್ಲವಾ ಲೋಕಣ್ಣ?"

"ಸೋಸ್ಲಿಕ್ಕೆ ಅದು ಎಂತ ಪಾಯಸವಾ ಮಾಷ್ಟ್ರೇ? ನನಗೆ ಬಾಡಿಗೆ ಕಾಯ್ತಾ ಇರ್ತದೆ."

ಉದಾಸೀನದ ಮನುಷ್ಯ ಎಂದುಕೊಂಡೆ. ಅಷ್ಟರಲ್ಲಿ ಪರದೆಯ ಮೇಲೆ ಎರಡು ಗೆರೆ ಬಂದವು. ಫಲ್ಗುಣಿಯದ್ದು ಕೆಳಗೆ, ನೇತ್ರಾವತಿಯದ್ದು ಎಷ್ಟೋ ಮೇಲೆ. ಅಕ್ಷತ ಆ ಮೇಲಿನ ಗೆರೆಯನ್ನು ಕೋಲಿನಿಂದ ತೋರಿಸಿದಳು. ಬಂಟ್ವಾಳದಲ್ಲಿ ಇಂಗಾಲ ಇಷ್ಟು ಏರುವುದು ಯಾಕೆ, ಪೇಟೆಯ ಚರಂಡಿಯಿಂದ ಎಷ್ಟು ಬಂದೀತು, ತೋಟದ ಗೊಬ್ಬರದಿಂದ ಎಷ್ಟು, ಎಂದು ಬಿಡಿಸಿ ಬಿಡಿಸಿ ಹೇಳಿದಳು. ಅವಳ ಪ್ರಬಂಧದ ಮುಖ್ಯ ಅಧ್ಯಾಯವೇ ಅದು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸ್ವಲ್ಪ ಜಾಸ್ತಿಯೇ.

"ನಿಮ್ಮ ನದಿಯಲ್ಲಿ ಎಂತ ಮಾರ್ರೆ, ಅಡಿಗೆ ಮಾಡ್ತೀರಾ?" ಎಂದ ಲೋಕಣ್ಣ.

"ಮೇಲೆ ಬರ್ಬೇಕಾದರೆ ಹಾಗೆ ಕೆಲಸ ಮಾಡ್ಬೇಕು" ಎಂದೆ. ಆ ಮಾತು ನೆನಪಾದರೆ ಈಗ ಕಿವಿ ಬಿಸಿಯಾಗುತ್ತದೆ.

ಹೀಗೆ ಮೂರು ವರ್ಷ. ಅದರಲ್ಲಿ ಒಂದು ವರ್ಷ ಘಟ್ಟದಲ್ಲಿ ಗುಡ್ಡ ಜರಿದು ನದಿ ಎಷ್ಟೋ ದಿನ ಕೆಂಪು ಮಣ್ಣಾಗಿಯೇ ಹರಿಯಿತು. ನೀರು ನಮ್ಮ ಬೀದಿಗೆ ಬಂದ ದಿನವೂ ನಾನು ಪಂಚೆ ಎತ್ತಿ ಕಟ್ಟಿ, ಬಟ್ಟೆ ಹೆಗಲಿಗೆ ಹಾಕಿಕೊಂಡು ಇಳಿದೆ. ಆ ದಿನ ಸೋಸಲಿಕ್ಕೆ ಅರ್ಧ ಗಂಟೆ ಹಿಡಿಯಿತು. ಅಷ್ಟು ಕೆಸರಿನಿಂದ ಅಷ್ಟು ತಿಳಿಯಾದ ನೀರು ತೆಗೆದೆನಲ್ಲ ಎಂದು ನನಗೇ ಸಂತೋಷವಾಯಿತು.

ಹೋದ ವರ್ಷ ಮಳೆ ನಿಂತ ಮೇಲೆ ಒಂದು ಸೋಮವಾರ ಅಕ್ಷತ ತಾನೇ ಬಂದಳು. ಪ್ರಬಂಧ ಒಪ್ಪಿಸಲಿಕ್ಕೆ ಕೆಲವೇ ತಿಂಗಳು ಉಳಿದಿತ್ತು.

"ಎರಡು ವಾರದ್ದು ಹೊಂದುವುದಿಲ್ಲ ಸರ್. ನನ್ನ ಗೈಡ್ ಬಿಡ್ತಾ ಇಲ್ಲ. ಇವತ್ತು ನಾವು ಇಬ್ಬರೂ ಒಟ್ಟಿಗೆ ತುಂಬಿಸುವ."

"ಅದಕ್ಕೆ ಎಂತ, ಬಾ" ಎಂದು ಹೊರಟೆ. ಮೆಟ್ಟಿಲಿನಲ್ಲಿ ಕೂತು, ಬಾಟ್ಲಿಯ ಬಾಯಿಗೆ ಬಟ್ಟೆ ಹಾಸಿ, ಚೊಂಬು ಎತ್ತಿದೆ. ಅವಳು ನೋಡಲಿ ಎಂದು ಸ್ವಲ್ಪ ನಿಧಾನವಾಗಿಯೇ ಎತ್ತಿದೆ.

"ಅದು ಎಂತ ಸರ್?"

"ಸೋಸುವ ಬಟ್ಟೆ. ನಿನಗೆ ಕಸ ಕಳಿಸ್ಲಿಕ್ಕೆ ಆಗ್ತದಾ?"

"ಪ್ರತಿ ವಾರವೂ?"

"ಒಂದು ವಾರವೂ ತಪ್ಪಿಸಿದ್ದಿಲ್ಲ. ಮದುವೆಗೆ ಅಂತ ನಾವು ಊರಲ್ಲಿ ಇಲ್ಲದ ಎರಡು ಸೋಮವಾರ ನೀನೇ ಬಂದು ತುಂಬಿಸಿದ್ದೆ ಅಲ್ವಾ, ಅದು ಬಿಟ್ಟು."

ಅವಳು ಬಟ್ಟೆಯ ಒಂದು ಮೂಲೆಯನ್ನು ಬೆರಳುಗಳ ನಡುವೆ ಹಿಡಿದು ಉಜ್ಜಿದಳು. ಒಣಗಿದ ಮೂಲೆ ಗರಿಗರಿ ಎಂದಿತು. ಆಮೇಲೆ ತನ್ನ ಬಾಟ್ಲಿಯನ್ನು ನೇರ ನೀರಿಗೆ ಮುಳುಗಿಸಿ ಮುಚ್ಚಳ ಹಾಕಿದಳು. ನನ್ನದನ್ನೂ ತೆಗೆದುಕೊಂಡಳು.

ಊಟಕ್ಕೆ ಕೂತಾಗ ಸರೋಜಳ ಹತ್ತಿರ ಕೇಳಿದಳು: "ಆ ಬಟ್ಟೆಯನ್ನು ಹೇಗೆ ಒಗೀತೀರಿ ಆಂಟಿ?"

ಸರೋಜ ಸಾರಿನ ಪಾತ್ರೆ ಕೆಳಗಿಟ್ಟು ಹೇಳತೊಡಗಿದಳು. ಮೊದಲು ಸೋಪು. ಆಮೇಲೆ ಮೂರು ನೀರು. ಆಮೇಲೆ ಕುಚ್ಚಲಕ್ಕಿ ಬೆಂದ ಗಂಜಿತೆಳಿಯಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ. "ಬಿಳಿ ಬಟ್ಟೆಗೆ ಗಂಜಿ ಹಾಕದಿದ್ದರೆ ಅದು ಬಟ್ಟೆಯಾ? ಇವರ ಪಂಚೆಗೂ ಅದೇ. ನಿನ್ನ ಬಟ್ಟೆಗೆ ಮಾತ್ರ ತೆಳಿ ಸ್ವಲ್ಪ ದಪ್ಪದ್ದು, ನಿಂತಲ್ಲಿ ನಿಲ್ಲಬೇಕಲ್ಲ. ಇನ್ನೊಂದು ಸ್ವಲ್ಪ ಅನ್ನ ಹಾಕಲಾ?"

"ಹಾಕಿ ಆಂಟಿ" ಎಂದಳು ಹುಡುಗಿ. ಬಡಿಸಿದ್ದನ್ನೆಲ್ಲ ಊಟ ಮಾಡಿದಳು. ಹುರುಳಿ ಸಾರು ಚೆನ್ನಾಗುಂಟು ಎಂದಳು. ಸರೋಜಳಿಗೆ ಖುಷಿಯೋ ಖುಷಿ.

ಬಸ್ಸಿಗೆ ಬಿಡಲು ನಾನು ಬಿ.ಸಿ.ರೋಡಿನ ತನಕ ಹೋದೆ. ಎರಡು ಬಸ್ಸು ಬಂದು ಹೋದವು, ಅವಳು ಹತ್ತಲಿಲ್ಲ.

"ಸರ್, ಗಂಜಿ ಅಂದರೂ ಇಂಗಾಲವೇ" ಎಂದಳು ಕೊನೆಗೆ. "ನಮ್ಮಲ್ಲಿ ಬಾಟ್ಲಿಯನ್ನು ಸಹ ಓವನಿನಲ್ಲಿ ಕಾಯಿಸಿಯೇ ತರುವುದು, ಬೆರಳಿನ ಎಣ್ಣೆ ಕೂಡ ಇರಬಾರದು ಅಂತ. ಸೋಸುವುದು ಅಲ್ಲಿ, ಬೇರೆ ಕಾಗದದಲ್ಲಿ. ನೀರಿನಲ್ಲಿ ಕರಗಿದ ಮೇಲೆ ಕಾಡಿನ ಎಲೆ ಯಾವುದು, ಅನ್ನದ ತೆಳಿ ಯಾವುದು ನನ್ನ ಯಂತ್ರಕ್ಕೆ ಗೊತ್ತಾಗುವುದಿಲ್ಲ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮೂರು ವರ್ಷ ಅವಳು ಅಳೆದದ್ದು ನಮ್ಮ ಮನೆಯ ಗಂಜಿಯನ್ನು. ಉಜಿರೆಯಲ್ಲಿ ಮಕ್ಕಳು ಚಪ್ಪಾಳೆ ತಟ್ಟಿದ್ದು ಗಂಜಿಗೆ.

"ಅದನ್ನು ಕಳೆದು ಬಿಡ್ಲಿಕ್ಕೆ ಆಗುವುದಿಲ್ಲವಾ? ಗಂಜಿಯದ್ದು ಇಷ್ಟು ಅಂತ ತೆಗೆದರೆ?" ಗಣಿತದ ಮಾಷ್ಟ್ರು ಕೇಳಿದ ಪ್ರಶ್ನೆ.

"ವಾರಕ್ಕೊಂದು ದಪ್ಪ ಅಲ್ವಾ ಸರ್, ತೆಳಿ" ಎಂದಳು. ನಗಲಿಕ್ಕೆ ನೋಡಿದಳು, ಆಗಲಿಲ್ಲ.

"ನೀನೇ ತುಂಬಿಸಿದ ಆ ಎರಡು?"

"ಅದು ಅರ್ಧಕ್ಕಿಂತ ಕಡಿಮೆ ಬಂದಿತ್ತು. ನಾನು ಹೊಡೆದು ಹಾಕಿದ್ದೆ. ಗೈಡ್ ನನ್ನ ಹಳೆಯ ಲೆಕ್ಕದ ಪುಸ್ತಕ ನೋಡುವಾಗ ಅದನ್ನು ಕಂಡು ಕೇಳಿದ್ದು."

"ಸರಿ ಇದ್ದದ್ದನ್ನು ಯಾಕೆ ಹೊಡೆದು ಹಾಕಿದಿ ಮಗಾ?"

"ನಿಮ್ಮದು ತಪ್ಪಿರ್ತದೆ ಅಂತ ನನಗೆ ಹೊಳೀಲೇ ಇಲ್ಲ ಸರ್. ಉತ್ತರ ಹೊಂದದಿದ್ದರೆ ಮೊದಲು ನಿನ್ನ ಕೈ ನೋಡು ಅಂತ ನೀವೇ ಹೇಳ್ತಾ ಇದ್ರಿ. ನಾನು ನನ್ನ ಕೈ ನೋಡಿದೆ. ಬಾಟ್ಲಿ ಸರಿಯಾಗಿ ಕಾಯಿಸಿಲ್ಲ ಅಂತ ಬರೆದೆ, ಐಸು ಕರಗಿತ್ತು ಅಂತ ಬರೆದೆ. ಎರಡೂ ಸುಳ್ಳು. ಎಲ್ಲ ಸರಿಯೇ ಇತ್ತು."

ಮಾಷ್ಟ್ರಾಗಿ ನಾನು ಎಷ್ಟೋ ತಪ್ಪು ಕಲಿಸಿರಬಹುದು. ಸರಿಯಾಗಿ ಕಲಿಸಿದ್ದು ಹೀಗೆ ಕಚ್ಚುತ್ತದೆ ಎಂದು ಗೊತ್ತಿರಲಿಲ್ಲ.

"ಬರುವ ಸೋಮವಾರದಿಂದ ಪುನಃ ಶುರು ಮಾಡುವ" ಎಂದೆ. "ಇನ್ನು ಮೂರು ವರ್ಷ. ನಾನು ಎಲ್ಲಿಗೆ ಹೋಗ್ಲಿಕ್ಕೆ ಉಂಟು? ಬಟ್ಟೆ ಮುಟ್ಟುವುದಿಲ್ಲ, ಮಾತು ಕೊಡ್ತೇನೆ."

"ನನ್ನ ಅವಧಿ ಮುಗೀತು ಸರ್. ಎರಡು ಸಲ ಮುಂದೆ ಹಾಕಿಸಿಕೊಂಡದ್ದು, ಇನ್ನು ಕೊಡುವುದಿಲ್ಲ. ಮತ್ತೆ ನೀರು ಸಹ ಅದಲ್ಲ. ಈಗ ಕೆಳಗೆ ಹೊಸ ಕಿಂಡಿ ಅಣೆಕಟ್ಟು ಆಯ್ತಲ್ಲ, ಇಲ್ಲಿ ತಿಂಗಳುಗಟ್ಟಲೆ ನೀರು ನಿಂತೇ ಇರ್ತದೆ. ಆಗಿನ ಹಾಗೆ ಹರಿಯುವ ನದಿ ಇಲ್ಲಿ ಇನ್ನು ಸಿಕ್ಕುವುದಿಲ್ಲ. ಗುಡ್ಡ ಜರಿದ ವರ್ಷದ್ದು ಇತ್ತು ನಮ್ಮ ಹತ್ತಿರ, ವಾರ ವಾರದ್ದು. ಅದು ಕಡಲಿಗೆ ಹೋಗಿ ಆಯ್ತು."

ಮೂರನೇ ಬಸ್ಸು ಬಂತು. ಮೆಟ್ಟಿಲಿಗೆ ಕಾಲಿಟ್ಟವಳು ತಿರುಗಿ, "ಆಂಟಿಗೆ ಹೇಳ್ಬೇಡಿ ಸರ್" ಎಂದಳು.

ಮಳೆಗಾಲಕ್ಕೆ ಮೊದಲು ಫೋನು ಬಂತು. ನೇತ್ರಾವತಿಯ ಅಧ್ಯಾಯಗಳು ಪೂರ್ತಿ ಹೋದವು. ಲೋಕಣ್ಣ ತುಂಬಿಸಿದ ಫಲ್ಗುಣಿಯದ್ದು ಒಂದು ತೊಟ್ಟೂ ತಪ್ಪಿಲ್ಲದೆ ಉಂಟು, ಆದರೆ ಅದೊಂದರಿಂದ ಪ್ರಬಂಧ ಆಗುವುದಿಲ್ಲವಂತೆ. ಅವಳು ಮೂಡಬಿದ್ರೆಯಲ್ಲಿ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸಲಿಕ್ಕೆ ಸೇರಿದ್ದಾಳೆ. ತಪ್ಪು ನನ್ನದು ಎಂದು ಅವಳ ಗೈಡಿಗೆ ಕಾಗದ ಬರೆಯುತ್ತೇನೆ ಎಂದೆ. ಬರೆದೆ ಕೂಡ, ನಾಲ್ಕು ಪುಟ, ಒಳ್ಳೆಯ ಕನ್ನಡದಲ್ಲಿ. ಅವರು ಕನ್ನಡ ಓದುವವರಲ್ಲ. ಅಕ್ಷತಳೇ ಕೂತು ಅದನ್ನು ಅವರಿಗೆ ಇಂಗ್ಲಿಷಿಗೆ ಮಾಡಿ ಹೇಳಬೇಕಾಯಿತಂತೆ. ತನ್ನ ಕೆಲಸ ಹೇಗೆ ಹಾಳಾಯಿತು ಎಂದು, ಸಾಲು ಸಾಲಾಗಿ, ನನ್ನ ಪರವಾಗಿ. ಅಷ್ಟು ಉಪಕಾರ ನಾನು ಕೊನೆಗೂ ಬಿಡದೆ ಮಾಡಿದೆ.

ಸರೋಜಳಿಗೆ ನೀರಿನ ಕೆಲಸ ಮುಗಿಯಿತು ಎಂದಷ್ಟೇ ಹೇಳಿದ್ದೇನೆ. ಮುಗಿಯಿತು ಎಂದರೆ ಅವಳ ಅರ್ಥ ಬೇರೆ. ಮೊನ್ನೆ ಕಪಾಟಿನಿಂದ ಒಂದು ಹಸಿರು ಸೀರೆ ತೆಗೆದು ಮಡಿಲಲ್ಲಿ ಹಾಸಿಕೊಂಡು ಕೂತಿದ್ದಳು.

"ಅಕ್ಷತಳಿಗೆ ಡಾಕ್ಟರು ಕೊಡುವ ದಿನ ನಮ್ಮನ್ನೂ ಕರೀತಾಳೆ ಅಲ್ವಾ?"

"ಕರೀತಾಳೆ" ಎಂದೆ.

"ಯಾವಾಗ ಆದೀತು?"

ಹೊರಗೆ ಮಳೆ ಹಿಡಿದಿತ್ತು. "ಇದು ಬಿಟ್ಟ ಮೇಲೆ" ಎಂದೆ.

"ಹಾಗಾದರೆ ರವಿಕೆ ಹೊಲಿಸ್ಲಿಕ್ಕೆ ಸಮಯ ಉಂಟು" ಎಂದು ಅವಳು ಅಳತೆಯ ಹಳೆಯ ರವಿಕೆ ಹುಡುಕಲು ಎದ್ದಳು.